ಗ್ಯಾಸ್ ಹಾಕ್ಲಾ ಅಣ್ಣಾ?

ಮೊನ್ನೆ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಹಾಗೇ ಸ್ವಲ್ಪ ಅಡ್ಡಾಗೋಣ ಅಂತಿದ್ದೆ. ಅಷ್ಟರಲ್ಲಿ ಫೋನ್. ನಮ್ಮ ಹುಡುಗ. ಇಂದಿರಾನಗರದ ಒಂದು ಕೇಕ್ ಅಂಗಡಿಯ ಫ್ರೀಜರ್ ನೋಡೋಕೆ ಹೋಗಿದ್ದ.

"ಅಣ್ಣಾ, ಸಕ್ಷನ್ ಪ್ರೆಷರ್ ಕಡಿಮೆ ತೋರಿಸ್ತಿದೆ. ಗ್ಯಾಸ್ ಹಾಕ್ಲಾ?"

"ಬೇಡ" ಅಂದೆ.

"ಓನರ್ ಅರ್ಜೆಂಟ್ ಮಾಡ್ತಿದಾರೆ ಅಣ್ಣಾ. ಸಂಜೆ ಆರ್ಡರ್ ಇದೆಯಂತೆ. ಸ್ವಲ್ಪ ಹಾಕಿ ನೋಡ್ತೀನಿ..."

"ಬೇಡ ಅಂದ್ನಲ್ಲ. ವಾಲ್ವ್ ಮುಚ್ಚು. ನಾನೇ ಬರ್ತೀನಿ."

ಫೋನ್ ಇಟ್ಟ ಮೇಲೆ ನನ್ನ ಹೆಂಡತಿ ಕೇಳಿದಳು, "ಯಾಕೆ ಆ ಹುಡುಗನ ಮೇಲೆ ಹಾಗೆ ರೇಗ್ತೀರಿ?" ರೇಗಿದ್ದು ಅವನ ಮೇಲಲ್ಲ. ಅದನ್ನ ಅವಳಿಗೆ ಹೇಳೋಕೆ ಹೋದರೆ ಇಪ್ಪತ್ತು ವರ್ಷದ ಹಿಂದಿನಿಂದ ಶುರು ಮಾಡಬೇಕು. ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ನಮ್ಮದು ಕೆ.ಆರ್.ಪುರದಲ್ಲಿ ಒಂದು ಸಣ್ಣ ಫ್ರಿಡ್ಜ್, ಎಸಿ ರಿಪೇರಿ ಅಂಗಡಿ. ನಾನು, ಇಬ್ಬರು ಹುಡುಗರು, ಒಂದು ಹಳೇ ಓಮ್ನಿ. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಕೆ.ಆರ್.ಪುರಕ್ಕೆ ಮೆಟ್ರೋ ಸೇರಿಸಿದ ಮೇಲೆ ಸಣ್ಣಪುಟ್ಟ ಕೆಲಸಕ್ಕೆ ಓಮ್ನಿ ತೆಗೆಯೋದನ್ನೇ ಬಿಟ್ಟಿದ್ದೀನಿ. ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್‌ನಲ್ಲಿ ನಿಂತು ನಿಂತು ಅರ್ಧ ಆಯಸ್ಸು ಕಳೆದವನಿಗೆ ಮೇಲಿನಿಂದ ಆ ಟ್ರಾಫಿಕ್ ನೋಡೋದೇ ಒಂದು ಸುಖ :-)

ರೈಲಿನಲ್ಲಿ ಕೂತಾಗ ಉಸ್ತಾದ್ ನೆನಪಾದರು.

* * *

2001ರಲ್ಲಿ ಐಟಿಐ ಮುಗಿಸಿ ಫ್ರಿಡ್ಜ್ ಕೆಲಸ ಕಲಿಯೋಕೆ ನಾನು ಸೇರಿದ್ದು ಶಿವಾಜಿನಗರದಲ್ಲಿ, ರಸೆಲ್ ಮಾರ್ಕೆಟ್ ಹಿಂದಿನ ಒಂದು ಗಲ್ಲಿಯ ಅಂಗಡಿಗೆ. ಅಂಗಡಿ ಅಂದ್ರೆ ಎಂಟಡಿ ಅಗಲ, ಹತ್ತಡಿ ಉದ್ದ. ಒಳಗೆ ಬಿಚ್ಚಿ ಹಾಕಿದ ಕಂಪ್ರೆಸರ್‌ಗಳು, ಗೋಡೆಗೆ ತೂಗುಹಾಕಿದ ತಾಮ್ರದ ಪೈಪಿನ ಸುರುಳಿಗಳು, ಒಂದು ಸ್ಟೂಲು. ಆ ಸ್ಟೂಲಿನ ಮೇಲೆ ಉಸ್ತಾದ್. ನಮ್ಮ ಮನೆ ಆಗ ಹಲಸೂರಿನಲ್ಲಿ, ಸೋಮೇಶ್ವರ ದೇವಸ್ಥಾನದ ಹತ್ತಿರ. ದಿನಾ ಕೆರೆ ಪಕ್ಕದಲ್ಲಿ ಸೈಕಲ್ ತುಳಿದುಕೊಂಡು ಹೋಗ್ತಿದ್ದೆ.

ಉಸ್ತಾದ್ ಶಿವಾಜಿನಗರದಲ್ಲೇ ಹುಟ್ಟಿದವರು. ಆದರೆ ವಯಸ್ಸಿದ್ದಾಗ ಹನ್ನೆರಡು ವರ್ಷ ಬಾಂಬೆಯಿಂದ ಹೊರಡುವ ಸರಕು ಹಡಗುಗಳಲ್ಲಿ ಇದ್ದವರು. ಹಡಗಿನ ಕೋಲ್ಡ್ ರೂಮ್‌ಗಳ ಕೆಲಸ. ಹಡಗಿನಲ್ಲಿರುವ ಜನರಿಗೆ ತಿಂಗಳುಗಟ್ಟಲೆ ಊಟ ಬೇಕಲ್ಲ? ಮಾಂಸಕ್ಕೊಂದು ರೂಮು, ಮೀನಿಗೊಂದು ರೂಮು, ಎರಡೂ ಸೊನ್ನೆಗಿಂತ ಹದಿನೆಂಟು ಇಪ್ಪತ್ತು ಡಿಗ್ರಿ ಕೆಳಗೆ. ತರಕಾರಿಗೆ ಬೇರೆ ರೂಮು, ಸೊನ್ನೆಗಿಂತ ನಾಲ್ಕೈದು ಡಿಗ್ರಿ ಮೇಲೆ. ಸಮುದ್ರವೇ ಇಲ್ಲದ ಬೆಂಗಳೂರಿನಲ್ಲಿ, ಮೀನು ಮಾರ್ಕೆಟ್ ಪಕ್ಕ ಕೂತು ನಾನು ಕಲಿತ ವಿದ್ಯೆಯೆಲ್ಲಾ ಹಡಗಿನ ವಿದ್ಯೆ. ನಾವು ನೋಡಿದ ದೋಣಿ ಅಂದ್ರೆ ಹಲಸೂರು ಕೆರೆಯದು ಅಷ್ಟೇ!

"ಹಡಗಲ್ಲಿ ಪ್ರೆಷರ್ ಏರಿದ್ರೆ ಮೊದಲು ಎಲ್ಲಿ ನೋಡ್ತಿದ್ವಿ ಗೊತ್ತಾ?" ಅಂತ ಕೇಳೋರು. "ಗ್ಯಾಸ್ ಅಲ್ಲ. ನೀರು."

ನಮ್ಮ ಮನೆ ಫ್ರಿಡ್ಜಿನ ಹಿಂದೆ ಕಪ್ಪು ಜಾಲರಿ ಇರುತ್ತಲ್ಲ, ಅದು ಕಂಡೆನ್ಸರ್. ಒಳಗಿನ ಬಿಸಿಯನ್ನ ಅದು ಹೊರಗಿನ ಗಾಳಿಗೆ ಬಿಡುತ್ತೆ. ಹಡಗಿನಲ್ಲಿ ಅದೇ ಕಂಡೆನ್ಸರ್‌ಗೆ ಸಮುದ್ರದ ನೀರು ಹರಿಸ್ತಾರೆ. ಆ ನೀರು ಬರೋ ದಾರಿಯ ಜರಡಿಗೆ ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡರೆ, ಲೋಳೆಮೀನು ಬಂದು ಅಂಟಿಕೊಂಡರೆ, ಪೈಪಿನೊಳಗೆ ಚಿಪ್ಪುಗಳು ಬೆಳೆದರೆ, ಬಿಸಿ ಹೊರಗೆ ಹೋಗೋದಿಲ್ಲ. ಪ್ರೆಷರ್ ಏರುತ್ತೆ. ಗಲ್ಫ್ ಕಡೆ ಬೇಸಿಗೆಯಲ್ಲಿ ಸಮುದ್ರದ ನೀರೇ ಮೂವತ್ತು ಡಿಗ್ರಿ ದಾಟಿ ಬೆಚ್ಚಗಿರುತ್ತಂತೆ. ಆಗ ಎಲ್ಲಾ ಸರಿ ಇದ್ದರೂ ಸೂಜಿ ಮೇಲೇ ಇರುತ್ತೆ.

"ಸಮುದ್ರದ ಮಧ್ಯೆ ಗ್ಯಾಸ್ ಅಂಗಡಿ ಇರಲ್ಲ ಬೇಟಾ. ಇರೋ ಸಿಲಿಂಡರ್ ಮುಗಿದ್ರೆ ಮುಂದಿನ ಬಂದರಿನವರೆಗೂ ಕೈ ಕಟ್ಟಿ ಕೂರಬೇಕು. ಅದಕ್ಕೇ ವಾಲ್ವ್ ಮೇಲೆ ಕೈ ಇಡೋ ಮುಂಚೆ ಎಲ್ಲದರ ಮೇಲೂ ಕೈ ಇಟ್ಟು ನೋಡ್ತಿದ್ವಿ."

ಅವರ ಪಾಠ ಇಷ್ಟೇ. ಗೇಜು ಸುಳ್ಳು ಹೇಳಲ್ಲ, ಆದರೆ ಪೂರ್ತಿ ಹೇಳಲ್ಲ. ಯಾರಾದರೂ ಆತುರಪಟ್ಟು ಸಿಲಿಂಡರ್ ಕೈಗೆ ತಗೊಂಡರೆ ಒಂದೇ ಮಾತು: "ನಕ್ಕೋ. ಪೆಹಲೇ ಹಾತ್ ಲಗಾ." ಬೇಡ, ಮೊದಲು ಕೈ ಇಡು.

* * *

ಪ್ರೆಷರ್‌ಗೂ ತಂಪಿಗೂ ಏನು ಸಂಬಂಧ ಅಂತ ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಬಹುದು. ಅಡುಗೆಮನೆಯ ಕುಕ್ಕರ್ ನೆನಪಿಸಿಕೊಳ್ಳಿ. ಮುಚ್ಚಳ ಹಾಕಿ ಒತ್ತಡ ಏರಿಸಿದರೆ ನೀರು ನೂರು ಡಿಗ್ರಿ ದಾಟಿದ ಮೇಲೆ ಕುದಿಯುತ್ತೆ, ಬೇಳೆ ಬೇಗ ಬೇಯುತ್ತೆ. ಒತ್ತಡ ಇಳಿದರೆ ಕಡಿಮೆ ಬಿಸಿಗೇ ಕುದಿಯುತ್ತೆ. ಫ್ರಿಡ್ಜಿನ ಗ್ಯಾಸಿನದೂ ಇದೇ ಕತೆ. ಆರ್-134ಎ ಅನ್ನೋ ಗ್ಯಾಸು ಸಮುದ್ರ ಮಟ್ಟದ ಗಾಳಿಯ ಒತ್ತಡದಲ್ಲಿ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತೆ. ಕುದಿಯೋಕೆ ಬಿಸಿ ಬೇಕು. ಆ ಬಿಸಿಯನ್ನ ನಿಮ್ಮ ಹಾಲು, ಮೊಸರು, ಮೀನಿನಿಂದ ಎಳೆದುಕೊಳ್ಳುತ್ತೆ. ಕಂಪ್ರೆಸರ್ ಅದನ್ನ ಹೀರಿ, ಒತ್ತಿ, ಹಿಂದಿನ ಜಾಲರಿಗೆ ಕಳಿಸುತ್ತೆ. ಅಲ್ಲಿ ಅದು ಬಿಸಿ ಬಿಟ್ಟು ಮತ್ತೆ ದ್ರವ ಆಗುತ್ತೆ. ದ್ರವ ಮೊದಲು ಡ್ರೈಯರ್ ಅನ್ನೋ ಹೆಬ್ಬೆರಳು ಗಾತ್ರದ ತಾಮ್ರದ ಡಬ್ಬಿಯಲ್ಲಿ ಸೋಸಿಕೊಂಡು, ಆಮೇಲೆ ಕ್ಯಾಪಿಲರಿ ಅನ್ನೋ ದಾರದಂಥ ಸಣ್ಣ ಪೈಪಿನಲ್ಲಿ ನುಸುಳಿ ಮತ್ತೆ ಒಳಗೆ ಬಂದು ಕುದಿಯುತ್ತೆ. ಇಷ್ಟೇ ಚಕ್ರ.

ಅಂದ್ರೆ ಗೇಜಿನ ಸೂಜಿ ತೋರಿಸೋದು ಬರೀ ಒತ್ತಡ ಅಲ್ಲ. ಒಳಗೆ ಗ್ಯಾಸು ಎಷ್ಟು ಡಿಗ್ರಿಯಲ್ಲಿ ಕುದೀತಿದೆ ಅನ್ನೋದನ್ನೂ ಹೇಳುತ್ತೆ. ಎಷ್ಟು ಗ್ಯಾಸ್ ಇದೆ ಅಂತ ಮಾತ್ರ ಹೇಳಲ್ಲ! ಎಷ್ಟೋ ಮೆಕ್ಯಾನಿಕ್‌ಗಳು ಎಡವೋದು ಇಲ್ಲೇ. ನಾನು ಎಡವಿದ್ದೂ ಇಲ್ಲೇ.

ಬೆಂಗಳೂರಿನದು ಇನ್ನೊಂದು ತಮಾಷೆ ಇದೆ. ಹಡಗು ಬಿಟ್ಟು ಊರಿಗೆ ಬಂದ ಹೊಸದರಲ್ಲಿ ಉಸ್ತಾದ್ ಒಂದು ವ್ಯಾಕ್ಯೂಮ್ ಪಂಪ್ ಕೊಂಡರಂತೆ. ಎಷ್ಟು ಹೊತ್ತು ಓಡಿಸಿದರೂ ಸೂಜಿ 27 ಇಂಚಿನ ಹತ್ತಿರ ನಿಂತುಬಿಡೋದು. ಬಾಂಬೆಯಲ್ಲಿ 30ರ ಹತ್ತಿರ ಹೋಗಿದ್ದನ್ನ ನೋಡಿದ್ದವರು ಇವರು. ಪಂಪು ಕೆಟ್ಟಿದೆ ಅಂತ ಅಂಗಡಿಯವನ ಜೊತೆ ಜಗಳ ಆಡಿ ಬದಲಾಯಿಸಿಕೊಂಡು ಬಂದರು. ಹೊಸದೂ 27ಕ್ಕೇ ನಿಂತಿತು! ಆಮೇಲೆ ಹೊಳೆಯಿತಂತೆ. ನಮ್ಮ ಊರು ಸಮುದ್ರಕ್ಕಿಂತ 900 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡವೇ ಅಷ್ಟು, ಅದಕ್ಕಿಂತ ಹೆಚ್ಚು ತೆಗೆಯೋಕೆ ಏನೂ ಇಲ್ಲ. ನೀರು ಕೂಡ ಇಲ್ಲಿ 97 ಡಿಗ್ರಿಗೇ ಕುದಿಯುತ್ತೆ. ಒಳಗೆ ಆರ್-134ಎ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಕುದಿಯುವಾಗ ಸಮುದ್ರದ ಮೇಲೆ ಗೇಜು ನಾಲ್ಕೂವರೆ ತೋರಿಸಿದರೆ ಶಿವಾಜಿನಗರದಲ್ಲಿ ಆರು ತೋರಿಸುತ್ತೆ. ಗ್ಯಾಸು ಅದೇ, ತಂಪು ಅದೇ, ಊರು ಬೇರೆ. "ಸೂಜಿ ನೋಡೋ ಮುಂಚೆ ಎಲ್ಲಿ ನಿಂತಿದೀಯ ಅಂತ ನೋಡು" ಅಂತ ನಗೋರು.

* * *

ಈಗ ಆ ವಿಷಯ.

2004ರ ಏಪ್ರಿಲ್. ಗುಡ್ ಫ್ರೈಡೆ ವಾರ. ಶಿವಾಜಿನಗರ, ಹಲಸೂರು ಕಡೆ ಇದ್ದವರಿಗೆ ಗೊತ್ತು, ಆ ವಾರ ಮೀನಿಗೆ ಎಷ್ಟು ಬೇಡಿಕೆ ಅಂತ. ಆ ಶುಕ್ರವಾರ ಕ್ರೈಸ್ತರ ಮನೆಗಳಲ್ಲಿ ಮಾಂಸ ಮಾಡಲ್ಲ, ಮೀನು ಮಾಡ್ತಾರೆ. ನಮ್ಮ ಗಲ್ಲಿಯ ಕೊನೆಯಲ್ಲಿ ಒಬ್ಬ ಅಕ್ಕ ಮೀನಿನ ಅಂಗಡಿ ಇಟ್ಟಿದ್ದರು. ಗಂಡ ತೀರಿಕೊಂಡಿದ್ದರು, ಇಬ್ಬರು ಮಕ್ಕಳು ಸ್ಕೂಲಿಗೆ ಹೋಗ್ತಿದ್ದರು. ಮೊದಲೆಲ್ಲಾ ಐಸ್ ಮೇಲೇ ವ್ಯಾಪಾರ. ಹಿಂದಿನ ವರ್ಷ ಸಾಲ ಮಾಡಿ ಒಂದು ಸೆಕೆಂಡ್ ಹ್ಯಾಂಡ್ ಡೀಪ್ ಫ್ರೀಜರ್ ತಗೊಂಡಿದ್ದರು, ಮೇಲಿನಿಂದ ಮುಚ್ಚಳ ತೆಗೆಯೋ ಪೆಟ್ಟಿಗೆ ಥರದ್ದು. ನಮ್ಮ ಅಂಗಡಿಯಿಂದಲೇ ಕೊಡಿಸಿದ್ದು.

ಬುಧವಾರ ಬೆಳಿಗ್ಗೆ ಅಕ್ಕ ಓಡಿಬಂದರು. ಫ್ರೀಜರ್ ತಂಪು ಆಗ್ತಿಲ್ಲ. ಒಳಗೆ ಹತ್ತಿರ ಹತ್ತಿರ 70 ಕೆಜಿ ಮಾಲು. ವಂಜರ, ಸೀಗಡಿ, ಗುರುವಾರ ಶುಕ್ರವಾರದ ವ್ಯಾಪಾರಕ್ಕೆ ಅಂತ ಬಡ್ಡಿಗೆ ದುಡ್ಡು ತಂದು ತುಂಬಿಸಿದ್ದು.

ಉಸ್ತಾದ್ ಆವತ್ತು ಊರಲ್ಲಿರಲಿಲ್ಲ. ಚಿಂತಾಮಣಿಗೆ ಮದುವೆಗೆ ಹೋಗಿದ್ದರು. ನಾನೇ ಹೋದೆ. ಸತ್ಯ ಹೇಳಬೇಕು ಅಂದ್ರೆ ನನಗೆ ಒಳಗೊಳಗೇ ಖುಷಿ. ಮೂರು ವರ್ಷ ಆಗಿತ್ತು, ನಾನೊಬ್ಬನೇ ಹೋಗಿ ಗೆದ್ದು ಬರೋ ಒಂದು ಕೆಲಸ ಬೇಕಿತ್ತು.

ಗೇಜ್ ಹಾಕಿದೆ. ಇಂಥ ಫ್ರೀಜರ್‌ಗಳಲ್ಲಿ ಸಾಮಾನ್ಯವಾಗಿ ಹೀರೋ ಕಡೆ ಮಾತ್ರ ಗೇಜ್ ಹಾಕೋಕೆ ಜಾಗ ಇರುತ್ತೆ, ಒತ್ತೋ ಕಡೆ ಇರಲ್ಲ. ಸೂಜಿ ಸೊನ್ನೆಗಿಂತ ಎರಡು ಮೂರು ಗೆರೆ ಮೇಲಿರಬೇಕಿತ್ತು, ಸೊನ್ನೆ ದಾಟಿ ಕೆಳಗೆ ವ್ಯಾಕ್ಯೂಮ್ ಕಡೆ ಹೋಗಿತ್ತು.

"ಗ್ಯಾಸ್ ಇಲ್ಲ ಅಕ್ಕ" ಅಂದೆ.

"ಹಾಕ್ಬಿಡು ತಂಬಿ, ಬೇಗ ಹಾಕ್ಬಿಡು" ಅಂದರು.

ಸಿಲಿಂಡರ್ ಸಿಕ್ಕಿಸಿದೆ. ವಾಲ್ವ್ ತೆಗೆಯೋ ಮುಂಚೆ, ಮೂರು ವರ್ಷದ ಅಭ್ಯಾಸಬಲ, ಕೈ ತಾನಾಗೇ ಹಿಂದಕ್ಕೆ ಹೋಯಿತು. ಕಂಡೆನ್ಸರ್ ಮುಟ್ಟಿದೆ. ಮೇಲಿನ ಸಾಲು ಸುಡ್ತಿತ್ತು, ಕೆಳಗಿನ ಸಾಲುಗಳು ತಣ್ಣಗಿದ್ದವು. ಅದರ ತುಂಬಾ ಮೀನಿನ ಹುರುಪೆ, ಧೂಳು, ಪಕ್ಕದ ಅಂಗಡಿಯ ಕೋಳಿ ಪುಕ್ಕ. ಆಮೇಲೆ ಡ್ರೈಯರ್ ಮುಟ್ಟಿದೆ.

ಡ್ರೈಯರ್ ಬೆಚ್ಚಗಿರಬೇಕು. ತಣ್ಣಗಿತ್ತು. ಅದರ ಮೇಲೆ ನೀರಿನ ಹನಿ, ಬೆವರಿದ ಹಾಗೆ.

ಡ್ರೈಯರ್ ಬೆವರಿದರೆ ಏನರ್ಥ ಅಂತ ನನಗೆ ಗೊತ್ತಿತ್ತು. ಒಳಗೆ ಕಟ್ಟಿಕೊಂಡಿದೆ ಅಂತ. ಕಟ್ಟಿಕೊಂಡ ಜಾಗದಲ್ಲೇ ಒತ್ತಡ ಕುಸಿದು, ಗ್ಯಾಸು ಒಳಗೆ ಹೋಗಿ ಕುದಿಯೋ ಬದಲು ಅಲ್ಲೇ ಕುದಿಯೋಕೆ ಶುರುವಾಗಿದೆ ಅಂತ. ಅಂದ್ರೆ ಗ್ಯಾಸು ಇದೆ, ಕಂಡೆನ್ಸರ್‌ನ ಕೆಳಗಿನ ಸಾಲುಗಳಲ್ಲಿ ದ್ರವವಾಗಿ ಸಿಕ್ಕಿಹಾಕಿಕೊಂಡಿದೆ. ಒಳಗೆ ಬರ್ತಿಲ್ಲ ಅಷ್ಟೇ. ಗ್ಯಾಸು ನಿಜಕ್ಕೂ ಕಡಿಮೆ ಇದ್ದಿದ್ದರೆ ಕಂಡೆನ್ಸರ್ ಪೂರ್ತಿ ಉಗುರುಬೆಚ್ಚಗೆ ಇರಬೇಕಿತ್ತು. ಇನ್ನೂ ಅನುಮಾನ ಇದ್ದರೆ ಮೆಷಿನ್ ಆಫ್ ಮಾಡಿ ಕಾಯಬೇಕಿತ್ತು. ದಾರಿ ಸರಿ ಇದ್ದರೆ ಎರಡೂ ಕಡೆಯ ಒತ್ತಡ ಕೆಲವೇ ನಿಮಿಷದಲ್ಲಿ ಸಮ ಆಗುತ್ತೆ, ಸೂಜಿ ಏರಿ ನಿಲ್ಲುತ್ತೆ. ಕಟ್ಟಿಕೊಂಡಿದ್ದರೆ ಸೂಜಿ ಆಮೆ ಥರ ಏರುತ್ತೆ.

ಇದೆಲ್ಲಾ ಗೊತ್ತಿತ್ತು. ಆದರೆ ಡ್ರೈಯರ್ ಬದಲಾಯಿಸೋದು ಅಂದ್ರೆ ಗ್ಯಾಸು ಪೂರ್ತಿ ತೆಗೆದು, ಪೈಪು ಕತ್ತರಿಸಿ, ಹೊಸದು ಬೆಸೆದು, ವ್ಯಾಕ್ಯೂಮ್ ಎಳೆದು, ಮತ್ತೆ ಗ್ಯಾಸು ತುಂಬಬೇಕು. ಅರ್ಧ ದಿನದ ಕೆಲಸ. 70 ಕೆಜಿ ಮೀನು ಹೊರಗೆ ತೆಗೆದು ಐಸ್‌ಗೆ ಹಾಕಬೇಕು. ಬೆಸುಗೆ ನಾನೊಬ್ಬನೇ ಹಾಕಿದ್ದು ಅಲ್ಲಿಯವರೆಗೆ ಎರಡೇ ಸಲ. ಅದೂ ಅಲ್ಲದೆ "ಗ್ಯಾಸ್ ಇಲ್ಲ" ಅಂತ ಆಗಲೇ ಬಾಯಿಬಿಟ್ಟು ಹೇಳಿಬಿಟ್ಟಿದ್ದೆ.

ಸೊಂಟಕ್ಕೆ ಸಿಕ್ಕಿಸಿದ್ದ ವೇಸ್ಟ್ ಬಟ್ಟೆ ತೆಗೆದು ಡ್ರೈಯರ್ ಮೇಲಿನ ಹನಿ ಒರೆಸಿಬಿಟ್ಟೆ. ಯಾಕೆ ಒರೆಸಿದೆ ಅಂತ ಕೇಳಬೇಡಿ. ಅಲ್ಲಿ ನೋಡೋರು ನನ್ನ ಬಿಟ್ಟು ಇನ್ಯಾರೂ ಇರಲಿಲ್ಲ.

ಗ್ಯಾಸು ಹಾಕಿದೆ. ಸೂಜಿ ನಿಧಾನಕ್ಕೆ ಮೇಲೆ ಬಂತು. ಇನ್ನಷ್ಟು ಹಾಕಿದೆ, ಇನ್ನಷ್ಟು ಬಂತು. ಬರದೇ ಏನು? ಹಿಂದೆ ಒತ್ತಡ ಏರಿಸಿದರೆ ಕಟ್ಟಿಕೊಂಡ ದಾರಿಯಲ್ಲೂ ಒಂದಿಷ್ಟು ನುಗ್ಗುತ್ತೆ. ಒಂದು ಗಂಟೆಯಲ್ಲಿ ಒಳಗಿನ ಗೋಡೆಗೆ ಬಿಳೀ ಹಿಮ ಹಿಡಿಯಿತು. ಅಕ್ಕನ ಮುಖ ನೋಡಬೇಕಿತ್ತು. ದುಡ್ಡು ಕೊಟ್ಟು, ಮೇಲೆ ಅರ್ಧ ಕೆಜಿ ಸೀಗಡಿ ಕವರಿಗೆ ಹಾಕಿ "ಅಮ್ಮಂಗೆ ಕೊಡು" ಅಂದರು. ತಗೊಂಡೆ. ರಾತ್ರಿ ಮನೆಯಲ್ಲಿ ಸೀಗಡಿ ಸಾರು. ಚೆನ್ನಾಗಿತ್ತು.

ಮಧ್ಯಾಹ್ನದ ಬಿಸಿಲು ಏರಿದ ಹಾಗೆ ಅಲ್ಲಿ ಏನಾಯಿತು ಅಂತ ನಾನು ನೋಡಿಲ್ಲ, ಆದರೆ ಹೇಳಬಲ್ಲೆ. ಹುರುಪೆ ಪುಕ್ಕ ಮೆತ್ತಿಕೊಂಡ ಕಂಡೆನ್ಸರ್, ಅದರೊಳಗೆ ಕಟ್ಟಿಕೊಂಡ ದಾರಿ, ಮೇಲೆ ನಾನು ತುರುಕಿದ ಗ್ಯಾಸು. ಒತ್ತಡ ಏರಿ ಏರಿ ಕಂಪ್ರೆಸರ್ ಕಾದು ತಾನಾಗೇ ಆಫ್ ಆಗಿರುತ್ತೆ. ತಣ್ಣಗಾದ ಮೇಲೆ ಮತ್ತೆ ಸ್ಟಾರ್ಟ್, ಮತ್ತೆ ಆಫ್. ರಾತ್ರಿ ಯಾವಾಗಲೋ ಮೋಟಾರಿನ ಸುರುಳಿಯೇ ಸುಟ್ಟುಹೋಗಿದೆ.

ಗುರುವಾರ ಬೆಳಿಗ್ಗೆ ನಾನು ಹೋದಾಗ ಗಲ್ಲಿಯ ತುದಿಯವರೆಗೂ ವಾಸನೆ. ಅಕ್ಕ ಬೈಯಲಿಲ್ಲ, ಅಳಲೂ ಇಲ್ಲ. ಮುಚ್ಚಳ ತೆಗೆದಿಟ್ಟು, ಒಳ್ಳೇದು ಕೆಟ್ಟದ್ದು ಅಂತ ಎರಡು ರಾಶಿ ಮಾಡ್ತಾ ಕೂತಿದ್ದರು. ಒಳ್ಳೆಯ ರಾಶಿ ತೀರಾ ಸಣ್ಣದಿತ್ತು.

* * *

ಮಧ್ಯಾಹ್ನ ಉಸ್ತಾದ್ ಬಂದರು. ಮದುವೆ ಬಟ್ಟೆಯಲ್ಲೇ. ಫ್ರೀಜರ್ ಹಿಂದೆ ಕೂತು ತುಂಬಾ ಹೊತ್ತು ಬರೀ ನೋಡಿದರು. ಆಮೇಲೆ ಡ್ರೈಯರ್ ಕತ್ತರಿಸಿ ತೆಗೆದು ಸೀಳಿದರು. ಒಳಗಿನ ಸಣ್ಣ ಮಣಿಗಳು ಪುಡಿಯಾಗಿ, ಎಣ್ಣೆಯ ಜೊತೆ ಸೇರಿ ಕರೀ ಕೆಸರಾಗಿ, ಜರಡಿಗೆ ಮೆತ್ತಿಕೊಂಡಿದ್ದವು.

"ಡ್ರೈಯರ್ ಮೇಲೆ ಕೈ ಇಟ್ಟು ನೋಡಿದ್ಯಾ?"

"ನೋಡಿದೆ ಉಸ್ತಾದ್. ಬೆಚ್ಚಗಿತ್ತು."

ಅವರು ನನ್ನ ಮುಖ ನೋಡಲಿಲ್ಲ. ಫ್ರೀಜರ್ ಹಿಂದಿನ ಪೈಪುಗಳನ್ನ ನೋಡಿದರು. ನಾನೂ ನೋಡಿದೆ. ಇಡೀ ಹಿಂಭಾಗ ಬೆರಳು ದಪ್ಪ ಧೂಳು. ಅವರ ಕೈಯಲ್ಲಿದ್ದ ಡ್ರೈಯರ್ ಮಾತ್ರ ಒರೆಸಿಟ್ಟ ಹಾಗೆ ತಾಮ್ರದ ಬಣ್ಣಕ್ಕೆ ಹೊಳೀತಿತ್ತು.

ಏನೂ ಅನ್ನಲಿಲ್ಲ. "ಹೊಸ ಕಂಪ್ರೆಸರ್ ತಗೊಂಡು ಬಾ" ಅಂದರು, ಅಷ್ಟೇ.

ಕಂಪ್ರೆಸರ್‌ಗೆ ಅಕ್ಕನ ಹತ್ತಿರ ದುಡ್ಡು ತಗೊಳ್ಳಲಿಲ್ಲ. ಅದಾದ ಮೇಲೆ ಪ್ರತಿ ಶನಿವಾರ ಸಂಜೆ ಗಲ್ಲಾದಿಂದ ಐನೂರು ರೂಪಾಯಿ ತೆಗೆದು ಗಲ್ಲಿಯ ಕೊನೆಗೆ ನಡೆದು ಹೋಗೋರು. ಎಷ್ಟು ತಿಂಗಳು ಅಂತ ನಾನು ಎಣಿಸಲಿಲ್ಲ. ಎಣಿಸೋ ಧೈರ್ಯ ಇರಲಿಲ್ಲ. ನನ್ನ ಸಂಬಳದಲ್ಲಿ ಒಂದು ಪೈಸೆ ಹಿಡಿಯಲಿಲ್ಲ. ಹಿಡಿದಿದ್ದರೆ ಚೆನ್ನಾಗಿತ್ತು ಅಂತ ಇವತ್ತಿಗೂ ಅನ್ಸುತ್ತೆ.

ಬದಲಿಗೆ ಒಂದು ಉದ್ದ ನೋಟ್‌ಬುಕ್ ತಂದುಕೊಟ್ಟರು. ಪ್ರತಿ ಕೆಲಸಕ್ಕೂ ಐದು ವಿಷಯ ಬರೀಬೇಕು. ಹೊರಗಿನ ಉಷ್ಣತೆ ಎಷ್ಟು, ಹೀರೋ ಕಡೆ ಪ್ರೆಷರ್ ಎಷ್ಟು, ಜಾಗ ಇದ್ದರೆ ಒತ್ತೋ ಕಡೆ ಎಷ್ಟು, ಕಂಡೆನ್ಸರ್ ಕ್ಲೀನ್ ಇದೆಯಾ, ಡ್ರೈಯರ್ ಬಿಸಿಯೋ ತಣ್ಣಗೋ. ದಿನಾ ಸಂಜೆ ನೋಟ್‌ಬುಕ್ ತೆಗೆದು ನೋಡೋರು. ಬೇರೆ ನಾಲ್ಕೂ ನೋಡ್ತಿದ್ದರೋ ಇಲ್ಲವೋ, ಕೊನೆಯದರ ಮೇಲೆ ಮಾತ್ರ ಬೆರಳಿಟ್ಟು ಕೇಳೋರು, "ಮುಟ್ಟಿದ್ಯಾ?"

"ಮುಟ್ಟಿದೆ ಉಸ್ತಾದ್."

ಐದು ವರ್ಷ ಇದೇ ಪ್ರಶ್ನೆ, ಇದೇ ಉತ್ತರ. ಆ ಪ್ರಶ್ನೆ ಯಾವ ಡ್ರೈಯರ್ ಬಗ್ಗೆ ಅಂತ ನನಗೆ ಹೊಳೆದಿದ್ದು ಆ ಅಂಗಡಿ ಬಿಟ್ಟ ಮೇಲೆ.

2009ರಲ್ಲಿ ನನ್ನದೇ ಅಂಗಡಿ ಹಾಕಿದೆ. ಹೇಳಿಬಿಡಬೇಕು ಅಂತ ಎರಡು ಸಲ ಅವರ ಮನೆಗೆ ಹೋಗಿದ್ದೆ. ಎರಡನೇ ಸಲ ಹೋದಾಗ ಹಾಸಿಗೆ ಹಿಡಿದಿದ್ದರು. ನಾನು ಬಾಯಿ ತೆಗೆಯೋ ಮುಂಚೆ ಅವರೇ ಕೇಳಿದರು, "ತಿಂಗಳಿಗೆ ಎಷ್ಟು ಸಿಲಿಂಡರ್ ಖರ್ಚು ಮಾಡ್ತೀಯ?"

"ಒಂದೂ ಪೂರ್ತಿ ಮುಗಿಯಲ್ಲ ಉಸ್ತಾದ್."

ನಕ್ಕರು. "ಶಾಬಾಸ್" ಅಂದರು. ಟೀ ಬಂತು, ಕುಡಿದೆ, ಎದ್ದು ಬಂದೆ. ಆ ವರ್ಷವೇ ಹೋಗಿಬಿಟ್ಟರು.

* * *

ಇಂದಿರಾನಗರ ಬಂತು. ಕೇಕ್ ಅಂಗಡಿಯ ಓನರ್ ಬಾಗಿಲಲ್ಲೇ ನಿಂತಿದ್ದರು. ಹುಡುಗ ಬೆವರು ಒರೆಸಿಕೊಳ್ತಾ ಇದ್ದ.

"ಡ್ರೈಯರ್ ಮುಟ್ಟಿ ನೋಡಿದ್ಯಾ?"

"ನೋಡ್ದೆ ಅಣ್ಣಾ. ಬಿಸಿ ಇದೆ."

ಬಗ್ಗಿ ನೋಡಿದೆ. ಬೇಕರಿ ಅಲ್ವಾ, ಎಲ್ಲದರ ಮೇಲೂ ತೆಳ್ಳಗೆ ಮೈದಾ ಕೂತಿತ್ತು. ಡ್ರೈಯರ್ ಮೇಲೂ. ಒಂದು ಬೆರಳ ಗುರುತೂ ಇರಲಿಲ್ಲ. ನಾನು ಒರೆಸಿ ಸಿಕ್ಕಿಬಿದ್ದೆ, ಇವನು ಮುಟ್ಟದೇ ಸಿಕ್ಕಿಬಿದ್ದ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

"ಇನ್ನೊಂದು ಸಲ ಇಡು" ಅಂದೆ. ಇಟ್ಟ. ನಿಜವಾಗ್ಲೂ ಬೆಚ್ಚಗೇ ಇತ್ತು! ಊಹೆ ಸರಿ ಇತ್ತು, ಹೇಳಿದ್ದು ಮಾತ್ರ ಸುಳ್ಳು.

ಒಳಗಿನ ಪ್ಯಾನೆಲ್ ಬಿಚ್ಚಿಸಿದೆ. ಕಾಯಿಲ್ ಪೂರ್ತಿ ಐಸ್ ಗಡ್ಡೆ. ಫ್ಯಾನಿನ ರೆಕ್ಕೆ ಐಸಿಗೆ ಸಿಕ್ಕಿ ನಿಂತುಬಿಟ್ಟಿದೆ. ಐಸ್ ಕರಗಿಸೋ ಹೀಟರ್ ಸುಟ್ಟುಹೋಗಿತ್ತು. ಗಾಳಿ ಆಡ್ತಿಲ್ಲ ಅಂದ್ರೆ ಕಾಯಿಲಿಗೆ ಬಿಸಿ ತಲುಪ್ತಿಲ್ಲ. ಬಿಸಿ ಇಲ್ಲ ಅಂದ್ರೆ ಗ್ಯಾಸು ಕುದಿಯಲ್ಲ. ಕುದಿಯಲ್ಲ ಅಂದ್ರೆ ಸಕ್ಷನ್ ಇಳಿಯುತ್ತೆ. ಗ್ಯಾಸು ಒಂದು ಗ್ರಾಂ ಕೂಡ ಕಡಿಮೆ ಆಗಿರಲಿಲ್ಲ. ಇವನು ಹಾಕಿದ್ದಿದ್ದರೆ, ಐಸು ಕರಗಿದ ದಿನ ಆ ಹೆಚ್ಚಿನ ಗ್ಯಾಸು ದ್ರವವಾಗೇ ಕಂಪ್ರೆಸರ್‌ಗೆ ಹೋಗಿ ಅದನ್ನ ಮುಗಿಸ್ತಿತ್ತು.

ನೀರು ಹಾಕಿ ಐಸು ಕರಗಿಸಿದ್ವಿ. ಕೇಕುಗಳು ಪಕ್ಕದ ಅಂಗಡಿಯ ಫ್ರೀಜರ್‌ಗೆ ಹೋದವು. ಹೀಟರ್ ಮರುದಿನ ಹಾಕೋದು ಅಂತ ಆಯಿತು. ಓನರ್ ಸ್ವಲ್ಪ ನಿರಾಸೆಯಿಂದಲೇ ಕೇಳಿದರು, "ಅಂದ್ರೆ ಗ್ಯಾಸ್ ಹಾಕಲ್ವಾ?"

ಈ ಪ್ರಶ್ನೆ ನಾನು ದಿನಾ ಕೇಳ್ತೀನಿ. ಹಾಗಾಗಿ ಓದೋರಿಗೆ ನಾಲ್ಕು ಮಾತು. ಫ್ರಿಡ್ಜಿನ ಗ್ಯಾಸು ಸ್ಕೂಟರಿನ ಪೆಟ್ರೋಲ್ ಥರ ಖರ್ಚಾಗೋ ವಸ್ತು ಅಲ್ಲ. ಬೆಸೆದು ಮುಚ್ಚಿದ ಪೈಪಿನಲ್ಲಿ ಅದು ಇದ್ದಷ್ಟೂ ಇರುತ್ತೆ. ಕಡಿಮೆ ಆಗಿದೆ ಅಂದ್ರೆ ಎಲ್ಲೋ ತೂತಾಗಿದೆ. ತೂತು ಹುಡುಕದೆ ಗ್ಯಾಸು ತುಂಬೋನಿಗೆ ಮತ್ತೆ ಮೂರು ತಿಂಗಳಿಗೆ ನಿಮ್ಮ ಮನೆಗೆ ಬರೋ ಆಸೆ ಇದೆ ಅಂತ ತಿಳ್ಕೊಳ್ಳಿ. ಸೋಪಿನ ನೊರೆ ಹಚ್ಚಿ ಗುಳ್ಳೆ ಎಲ್ಲಿ ಬರುತ್ತೆ ತೋರಿಸು ಅಂತ ಕೇಳಿ. ಪೈಪಿನ ಕೀಲಿನಲ್ಲಿ ಎಣ್ಣೆ ಕಲೆ ಇದ್ದರೂ ಅನುಮಾನ ಪಡಿ. ಆರ್-134ಎ ಥರದ ಗ್ಯಾಸು ಗಾಳಿಗೆ ಬಿಟ್ಟರೆ ಭೂಮಿಯನ್ನ ಕಾಯಿಸೋದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು.

ನಿಮ್ಮದು ಈಚಿನ ಫ್ರಿಡ್ಜ್ ಆಗಿದ್ದರೆ ಒಳಗಿರೋದು ಬಹುಶಃ ಆರ್-600ಎ. ಅಡುಗೆ ಗ್ಯಾಸಿನ ಜಾತಿಯದೇ, ಹೊತ್ತಿಕೊಳ್ಳುತ್ತೆ. ಸಾಮಾನ್ಯವಾಗಿ ನೂರು ಗ್ರಾಂ ಒಳಗೇ ಇರುತ್ತೆ, ತಕ್ಕಡಿಯಲ್ಲಿ ತೂಗಿ ಹಾಕಬೇಕು. ಅದರಲ್ಲಿ ಸೂಜಿ ಸೊನ್ನೆಯ ಕೆಳಗಿರೋದೇ ಸರಿ. "ಸೂಜಿ ಕೆಳಗಿದೆ, ಗ್ಯಾಸ್ ಇಲ್ಲ" ಅಂದವನಿಗೆ ಟೀ ಕೊಟ್ಟು ಕಳಿಸಿಬಿಡಿ. ಗ್ಯಾಸು ಇರೋವಾಗಲೇ ಅಡುಗೆಮನೆಯಲ್ಲಿ ಬೆಂಕಿ ಹಚ್ಚೋನಿಗಂತೂ ಟೀ ಕೂಡ ಬೇಡ :-) ಮತ್ತೆ ಎಲ್ಲಕ್ಕಿಂತ ಮೊದಲು, ಹಿಂದಿನ ಜಾಲರಿಯ ಧೂಳು ಹೊಡೀರಿ. ಅದು ನೀವೇ ಮಾಡಬಹುದು. ಪ್ಲಗ್ ತೆಗೆದು, ಒಂದು ಬ್ರಷ್ ಸಾಕು.

* * *

ವಾಪಸ್ ಬರೋವಾಗ ಮೆಟ್ರೋದಲ್ಲಿ ಹುಡುಗ ಸಪ್ಪಗೆ ಕೂತಿದ್ದ. ಬೈತೀನಿ ಅಂತ ಕಾಯ್ತಿದ್ದ ಅನ್ಸುತ್ತೆ. ನಾನು ಅವನಿಗೆ 2004ರ ಕತೆ ಹೇಳಿದೆ. ವಂಜರ, ಸೀಗಡಿ, ಒರೆಸಿದ ಬಟ್ಟೆ, ಎಲ್ಲಾ. ಇಷ್ಟು ವರ್ಷದಲ್ಲಿ ಯಾರಿಗಾದರೂ ಪೂರ್ತಿ ಹೇಳಿದ್ದು ಅದೇ ಮೊದಲು.

ಪೂರ್ತಿ ಕೇಳಿದ. ಉಸ್ತಾದ್ ಬಗ್ಗೆ ಏನೋ ಕೇಳ್ತಾನೆ ಅಂದುಕೊಂಡೆ. ಅವನು ಕೇಳಿದ್ದು ಬೇರೆ.

"ಆ ಅಕ್ಕಂಗೆ ಗೊತ್ತಾಯ್ತಾ ಅಣ್ಣಾ?"

ಬೆನ್ನಿಗಾನಹಳ್ಳಿ ದಾಟಿ ಕೆ.ಆರ್.ಪುರ ಬರೋವರೆಗೂ ನಾನು ಉತ್ತರ ಕೊಡಲಿಲ್ಲ.

ಇಲ್ಲ, ಗೊತ್ತಾಗಿಲ್ಲ. ಆ ಫ್ರೀಜರ್ ಅವರು ಅದೇ ವರ್ಷ ಮಾರಿಬಿಟ್ಟರು, ಮತ್ತೆ ಐಸಿಗೇ ಹೋದರು. "ಮೆಷಿನ್ ನಂಬೋಕಾಗಲ್ಲ ತಂಬಿ" ಅಂತಿದ್ದರು. ಮೆಷಿನ್ ತಪ್ಪು ಮಾಡಿರಲಿಲ್ಲ. ಇಷ್ಟು ವರ್ಷ ನಾನು ಉಸ್ತಾದ್‌ಗೆ ಹೇಳಲಿಲ್ಲವಲ್ಲ ಅಂತ ಕೊರಗಿದ್ದೇನೇ ಹೊರತು, ಮೀನು ಕಳೆದುಕೊಂಡವರು ಯಾರು ಅಂತ ಯೋಚಿಸಿರಲಿಲ್ಲ. ಅದನ್ನ ಇಪ್ಪತ್ತರ ಹುಡುಗ ಕೇಳಬೇಕಾಯಿತು.

ಅಕ್ಕ ಈಗಲೂ ಇದ್ದಾರೆ. ಅಂಗಡಿ ಮಗ ನೋಡಿಕೊಳ್ತಾನೆ, ಇವರು ಬೆಳಿಗ್ಗೆ ಬಂದು ಒಂದು ಗಂಟೆ ಕೂತು ಹೋಗ್ತಾರಂತೆ. ಈ ಶನಿವಾರ ಬೆಳಿಗ್ಗೆ ಶಿವಾಜಿನಗರಕ್ಕೆ ಹೋಗ್ತೀನಿ. ಹಿಂದೆ ಎರಡು ಸಲ ಉಸ್ತಾದ್ ಮನೆಗೆ ಹೋಗಿ ಟೀ ಕುಡಿದು ಬಂದವನು ನಾನು, ನನ್ನ ಮೇಲೆ ನನಗೇ ನಂಬಿಕೆ ಇಲ್ಲ. ಇಲ್ಲಿ ಬರೆದುಬಿಟ್ಟರೆ ಆಮೇಲೆ ತಪ್ಪಿಸಿಕೊಳ್ಳೋಕೆ ಆಗಲ್ಲವಲ್ಲ...

ಅದಕ್ಕೇ ಬರೆದೆ.